ನೈಲ್ ನದಿಯನ್ನು ದಾಟಿದ ಜಿರಾಫೆಗಳು

ಯುಗಾಂಡ ದೇಶದ ವಾಯವ್ಯ ಭಾಗದಲ್ಲಿ ನೈಲ್ ನದಿ ಒಂದು ಕಡೆ ತನ್ನ ಗಾಂಭೀರ್ಯವನ್ನೆಲ್ಲ ಮರೆತು ಹುಚ್ಚು ಹಿಡಿದಂತೆ ವರ್ತಿಸುತ್ತದೆ. ಕ್ಯೋಗ ಸರೋವರವನ್ನು ಬಿಟ್ಟು ಆಲ್ಬರ್ಟ್ ಸರೋವರದ ಕಡೆಗೆ ಹೊರಟ ಆ ಮಹಾನದಿ ವಿಶಾಲವಾದ ಪಾತ್ರದಲ್ಲಿ ಹರಿದು ಬಂದು, ಇದ್ದಕ್ಕಿದ್ದಂತೆ ಎರಡು ಕರಿಬಂಡೆಗಳ ನಡುವೆ ಸಿಕ್ಕಿಬೀಳುತ್ತದೆ. ಆ ಬಿರುಕಿನ ಅಗಲ ಏಳು ಮೀಟರ್, ಎಂದರೆ ಇಪ್ಪತ್ತಮೂರು ಅಡಿ ಮಾತ್ರ. ನಮ್ಮ ಊರುಗಳ ಒಂದು ಸಾಧಾರಣ ಬೀದಿಯಷ್ಟೂ ಇಲ್ಲದ ಆ ಸಂದಿನಲ್ಲಿ ಇಡಿಯ ನೈಲ್ ನದಿ ತೂರಿ, ನಲವತ್ತಮೂರು ಮೀಟರ್ ಕೆಳಕ್ಕೆ ಧುಮುಕಬೇಕು. ನೆಲ ನಡುಗುತ್ತದೆ; ತುಂತುರು ಮೋಡವಾಗಿ ಮೇಲೇಳುತ್ತದೆ; ಬಿಸಿಲಿದ್ದ ಹೊತ್ತಿನಲ್ಲೆಲ್ಲ ಕಾಮನಬಿಲ್ಲು ಕಟ್ಟಿರುತ್ತದೆ. ಒತ್ತಡವೆಂದರೆ ಏನೆಂಬುದನ್ನು ಪುಸ್ತಕದಲ್ಲಿ ಓದಿ ತಿಳಿಯಲಾರದವರು ಇಲ್ಲಿಗೆ ಬಂದು ಒಂದು ಗಳಿಗೆ ನಿಂತರೆ ಸಾಕು.

೧೮೬೪ರಲ್ಲಿ ಈ ಜಲಪಾತವನ್ನು ಕಂಡ ಇಂಗ್ಲಿಷ್ ಅನ್ವೇಷಕ ಸ್ಯಾಮ್ಯುಯೆಲ್ ಬೇಕರ್, ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಅಧ್ಯಕ್ಷ ಮರ್ಚಿಸನ್ನನ ಹೆಸರನ್ನು ಅದಕ್ಕೆ ಇಟ್ಟನು. ಆತನೊಂದಿಗೆ ಆ ಕಠಿಣ ಪ್ರಯಾಣವನ್ನೆಲ್ಲ ಸಹಿಸಿ ಬಂದಿದ್ದ ಪತ್ನಿ ಫ್ಲಾರೆನ್ಸಳೂ ಆ ದೃಶ್ಯವನ್ನು ಕಂಡಳು. ೧೯೫೨ರಲ್ಲಿ ಸುತ್ತಣ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಅದು ಆ ದೇಶದ ಅತ್ಯಂತ ದೊಡ್ಡ ರಾಷ್ಟ್ರೀಯ ಉದ್ಯಾನ. ೧೯೬೦ರ ದಶಕದ ಮೊದಲಲ್ಲಿ ಬಂದ ಭಾರಿ ಪ್ರವಾಹದಲ್ಲಿ ನದಿ ಆ ಒಂದು ಬಿರುಕಿನಲ್ಲಿ ಹಿಡಿಸಲಾರದೆ ಪಕ್ಕದಲ್ಲಿಯೇ ಇನ್ನೊಂದು ದಾರಿಯನ್ನು ಒಡೆದುಕೊಂಡಿತು. ೧೯೬೨ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲ ಅದು. ಹೊಸ ಜಲಪಾತಕ್ಕೆ ಜನ 'ಉಹುರು', ಎಂದರೆ ಸ್ವಾತಂತ್ರ್ಯ, ಎಂದು ಹೆಸರಿಟ್ಟರು. ಒತ್ತಡ ಮಿತಿಮೀರಿದರೆ ಬಂಡೆಯೂ ಬಿರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಜಲಪಾತವನ್ನು ನೋಡಿ ಬೆರಗಾದ ಪ್ರವಾಸಿಗರು ನದಿಯ ಉತ್ತರದ ದಡಕ್ಕೆ ಹೋದಾಗ ಇನ್ನೊಂದು ಬೆರಗು ಅವರಿಗಾಗಿ ಕಾದಿರುತ್ತದೆ. ಅದು ಸದ್ದಿಲ್ಲದ್ದು, ಎತ್ತರವಾದುದು, ನಿಧಾನವಾಗಿ ಎಲೆ ಮೆಲ್ಲುತ್ತ ನಿಂತಿರುವಂಥದು.

ತಾಳೆಯ ನಡುವೆ

ಉತ್ತರದ ದಡ ಹುಲ್ಲುಗಾವಲು. ಎಲ್ಲಿ ನೋಡಿದರೂ ನಸುಹಳದಿಯ ಹುಲ್ಲು, ನಡುನಡುವೆ ಜಾಲಿಯ ಜಾತಿಯ ಮುಳ್ಳುಮರಗಳು, ಇವುಗಳೆಲ್ಲಕ್ಕಿಂತ ಮೇಲೆ ತಲೆಯೆತ್ತಿ ನಿಂತ ತಾಳೆಮರಗಳು. ನಮ್ಮ ನಾಡಿನ ತಾಳೆಗೆ ಅವು ಹತ್ತಿರದ ದಾಯಾದಿಗಳು. ಬೀಸಣಿಗೆಯಂಥ ಗರಿ, ನೆಟ್ಟಗಿನ ಕಾಂಡ, ಎಲ್ಲವೂ ಕಂಡು ಬಲ್ಲ ಗುರುತುಗಳೇ. ಪಶ್ಚಿಮಕ್ಕೆ ಸಾಗಿದಂತೆ ನೈಲ್ ನದಿ ಆಲ್ಬರ್ಟ್ ಸರೋವರವನ್ನು ಸೇರುವ ಬುಲಿಗಿ ಎಂಬ ಭೂಭಾಗ. ಕೋಬ್ ಎಂಬ ಕೆಂಗಂದು ಜಿಂಕೆಗಳು, ಎಮ್ಮೆಗಳು, ಆನೆಗಳು, ನೀರಿನಲ್ಲಿ ಬೆನ್ನು ತೇಲಿಸಿ ಮಲಗಿದ ನೀರಾನೆಗಳು, ಮರಳಿನ ಮೇಲೆ ಬಾಯಿ ತೆರೆದು ಬಿದ್ದ ಮೊಸಳೆಗಳು ಇಲ್ಲಿ ನಿತ್ಯದ ನೋಟ.

ಬೆಳಗಿನ ಹೊತ್ತು ಆ ತಾಳೆಗಳ ನಡುವೆ ಕೆಲವು ಕಾಂಡಗಳು ನಡೆಯತೊಡಗುತ್ತವೆ. ಆಗಷ್ಟೇ ನೋಡುವವನಿಗೆ ಅವು ಮರಗಳಲ್ಲವೆಂಬ ಅರಿವು. ಹದಿನಾರು, ಹದಿನೆಂಟು ಅಡಿಯ ಎತ್ತರದಲ್ಲಿ ಒಂದು ಶಾಂತವಾದ ಮುಖ; ಉದ್ದ ರೆಪ್ಪೆಗಳ ಎರಡು ದೊಡ್ಡ ಕಣ್ಣುಗಳು. ಮೈಮೇಲಿನ ಕಂದು ಮಚ್ಚೆಗಳು ಮೊಣಕಾಲಿನವರೆಗೆ ಇಳಿದು ಅಲ್ಲಿಗೆ ನಿಂತು, ಅಲ್ಲಿಂದ ಕೆಳಗೆ ಬಿಳಿಯ ಕಾಲುಚೀಲ ತೊಟ್ಟಂತೆ ಕಾಣುತ್ತದೆ. ಹಿಂದೆ ರಾತ್ಸ್‌ಚೈಲ್ಡ್ ಜಿರಾಫೆಯೆಂದು ಕರೆಯುತ್ತಿದ್ದ ಈ ತಳಿಯನ್ನು ಈಗ ನೂಬಿಯನ್ ಜಿರಾಫೆಯಲ್ಲಿ ಸೇರಿಸಿದ್ದಾರೆ. ಪ್ರಾಚೀನ ಯೂರೋಪಿನವರು ಜಿರಾಫೆಯನ್ನು ಒಂಟೆಗೂ ಚಿರತೆಗೂ ಹುಟ್ಟಿದ ಪ್ರಾಣಿಯೆಂದು ತಿಳಿದು 'ಒಂಟೆಚಿರತೆ' ಎಂಬರ್ಥದ ಹೆಸರನ್ನಿಟ್ಟಿದ್ದರು. ವಿಜ್ಞಾನಿಗಳು ಕೊಟ್ಟ 'ಕ್ಯಾಮೆಲೊಪಾರ್ಡಾಲಿಸ್' ಎಂಬ ಹೆಸರಿನಲ್ಲಿ ಆ ಹಳೆಯ ತಪ್ಪು ಇಂದಿಗೂ ಉಳಿದುಕೊಂಡಿದೆ.

ಮೈಸೂರಿನ ಮೃಗಾಲಯದಲ್ಲಿ ಜಿರಾಫೆಯನ್ನು ಕಂಡ ನಮ್ಮ ಮಕ್ಕಳು ಮೊದಲು ಕೇಳುವ ಪ್ರಶ್ನೆ ಒಂದೇ: "ಅದರ ಕುತ್ತಿಗೆ ಯಾಕೆ ಅಷ್ಟುದ್ದ?" ಆ ಪ್ರಶ್ನೆಗೆ ಪಂಡಿತರು ಹಲವು ಉತ್ತರಗಳನ್ನು ಕೊಟ್ಟಿದ್ದಾರೆ, ಎತ್ತರದ ಎಲೆ ಎಂದವರುಂಟು, ಗಂಡುಗಳ ಕಾಳಗವೆಂದವರುಂಟು. ಮಕ್ಕಳು ಕೇಳದ ಇನ್ನೊಂದು ಪ್ರಶ್ನೆ ಇದೆ. ಅದು ಮೊದಲಿನದಕ್ಕಿಂತ ಕಠಿಣವಾದುದು: ಅಷ್ಟುದ್ದದ ಕುತ್ತಿಗೆಯನ್ನು ಹೊತ್ತುಕೊಂಡು ಆ ಪ್ರಾಣಿ ಬದುಕಿರುವುದಾದರೂ ಹೇಗೆ?

ಮೇಲ್ಮಹಡಿಗೆ ನೀರು

ಮನೆ ಕಟ್ಟಿಸಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ನೆಲದ ಮಟ್ಟದ ನಲ್ಲಿಗೆ ಸಲೀಸಾಗಿ ಬರುವ ನೀರು ಮೂರನೆಯ ಮಹಡಿಗೆ ತಾನಾಗಿ ಏರುವುದಿಲ್ಲ. ಅದಕ್ಕೆ ಪಂಪು ಬೇಕು. ಮಹಡಿ ಎತ್ತರವಾದಷ್ಟೂ ಪಂಪಿಗೆ ಬಲ ಹೆಚ್ಚು ಬೇಕು. ದೇಹದಲ್ಲಿಯೂ ಇದೇ ನಿಯಮ. ರಕ್ತವನ್ನು ಒಂದು ಮೀಟರ್ ಮೇಲಕ್ಕೆ ಎತ್ತುವುದಕ್ಕೆ ಪಾದರಸದ ಸುಮಾರು ೭೭ ಮಿಲಿಮೀಟರಿನಷ್ಟು ಒತ್ತಡ ವೆಚ್ಚವಾಗುತ್ತದೆ. ವೈದ್ಯರು ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, "ನೂರಿಪ್ಪತ್ತು, ಎಂಬತ್ತು" ಎಂದು ಹೇಳುವ ಸಂಖ್ಯೆಗಳೂ ಇದೇ ಅಳತೆಯವು. ಹೃದಯ ಸಂಕೋಚಿಸಿದಾಗಿನ ಒತ್ತಡ ಮೊದಲನೆಯದು, ಸಡಿಲವಾದಾಗಿನದು ಎರಡನೆಯದು. ಇವೆರಡರ ನಡುವಿನ ಸರಾಸರಿ ಆರೋಗ್ಯವಂತ ಮನುಷ್ಯನಲ್ಲಿ ೯೦ರಿಂದ ೧೦೦ರ ಆಸುಪಾಸಿನಲ್ಲಿರುತ್ತದೆ. ನಮ್ಮ ಮೆದುಳು ಹೃದಯಕ್ಕಿಂತ ಒಂದಡಿಯಷ್ಟು ಮಾತ್ರ ಮೇಲಿರುವುದರಿಂದ ಈ ಒತ್ತಡ ಧಾರಾಳವಾಗಿ ಸಾಲುತ್ತದೆ.

ದೊಡ್ಡ ಗಂಡು ಜಿರಾಫೆಯ ಮೆದುಳು ಹೃದಯಕ್ಕಿಂತ ಎರಡು ಮೀಟರ್ ಮೇಲಿದೆ. ರಕ್ತ ಅಲ್ಲಿಗೆ ಏರುವ ಹೊತ್ತಿಗೆ ೧೫೦ರಷ್ಟು ಒತ್ತಡ ದಾರಿಯಲ್ಲಿಯೇ ಸವೆದುಹೋಗುತ್ತದೆ. ಮನುಷ್ಯನ ಹೃದಯವನ್ನು ಅದರ ಎದೆಯಲ್ಲಿ ಇಟ್ಟರೆ ರಕ್ತ ಕುತ್ತಿಗೆಯ ಅರ್ಧದಾರಿಯನ್ನು ದಾಟಿ ಸ್ವಲ್ಪ ಮುಂದೆ ನಿಂತುಬಿಡುವುದು; ಜಿರಾಫೆ ನಿಂತಲ್ಲಿಯೇ ಮೂರ್ಛೆ ಹೋಗಿ ಬೀಳುವುದು. ಆದ್ದರಿಂದ ಅದರ ಹೃದಯದ ಮಟ್ಟದಲ್ಲಿ ರಕ್ತದ ಸರಾಸರಿ ಒತ್ತಡ ೨೦೦ನ್ನು ಮೀರಿ, ಬಹಳ ಎತ್ತರದ ಪ್ರಾಣಿಗಳಲ್ಲಿ ೨೫೦ರ ಸಮೀಪಕ್ಕೆ ಹೋಗುತ್ತದೆ. ದಾರಿಯ ವೆಚ್ಚವೆಲ್ಲ ಕಳೆದು ಮೆದುಳಿಗೆ ತಲಪುವಾಗ ಉಳಿಯುವುದು ೧೦೦ರ ಆಸುಪಾಸು. ಎಂದರೆ ನಮ್ಮ ನಿಮ್ಮ ಮೆದುಳಿಗೆ ಸಿಗುವಷ್ಟೇ. ಅಷ್ಟೆಲ್ಲ ಶ್ರಮಪಟ್ಟು ಜಿರಾಫೆ ಗಳಿಸುವುದು ಎಲ್ಲ ಪ್ರಾಣಿಗಳಿಗೂ ಸಹಜವಾಗಿ ದೊರೆಯುವುದನ್ನೇ!

ಇಷ್ಟು ಬಲದ ಪಂಪು ಭಾರಿ ಗಾತ್ರದ್ದಾಗಿರಬೇಕೆಂದು ಬಹುಕಾಲ ಜನ ನಂಬಿದ್ದರು. ಆದರೆ ತೂಗಿ ನೋಡಿದವರಿಗೆ ಸೋಜಿಗವಾಯಿತು. ಜಿರಾಫೆಯ ಹೃದಯ ಅದರ ದೇಹದ ತೂಕದ ಇನ್ನೂರರಲ್ಲಿ ಒಂದು ಪಾಲು. ಇತರ ಸಸ್ತನಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ಪ್ರಮಾಣ. ಗುಟ್ಟು ಗಾತ್ರದಲ್ಲಿಲ್ಲ, ಕಟ್ಟಡದಲ್ಲಿದೆ. ದೇಹಕ್ಕೆಲ್ಲ ರಕ್ತವನ್ನು ನೂಕುವ ಎಡ ಹೃತ್ಕುಕ್ಷಿಯ ಗೋಡೆ ಬಹಳ ದಪ್ಪ, ಒಳಗಿನ ಕುಹರ ಕಿರಿದು. ದಪ್ಪ ಗೋಡೆಯ ಕಿರಿಯ ಪಾತ್ರೆ ಹೆಚ್ಚಿನ ಒತ್ತಡವನ್ನು ತಾಳಬಲ್ಲದು. ಆದರೆ ಒಂದು ಬಡಿತಕ್ಕೆ ಅದು ಹೊರಹಾಕುವ ರಕ್ತ ಕಡಿಮೆ. ೨೦೧೬ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪ್ರಕಟಿಸಿದ ಅಳತೆಗಳು ಈ ಕೊಡುಕೊಳ್ಳುವಿಕೆಯನ್ನು ಸ್ಪಷ್ಟಪಡಿಸಿದವು. ಒತ್ತಡ ಬೇಕೆಂದರೆ ಪ್ರಮಾಣವನ್ನು ಬಿಡಬೇಕು. ಎರಡೂ ಬೇಕೆಂದರೆ ಪ್ರಕೃತಿ ಒಪ್ಪುವುದಿಲ್ಲ.

ಹುಟ್ಟುವಾಗಲೇ ಈ ಹೃದಯ ಹೀಗಿರುವುದಿಲ್ಲ. ತಾಯಿ ನಿಂತಂತೆಯೇ ಹೆರುವುದರಿಂದ ಮರಿ ಸುಮಾರು ಆರಡಿ ಎತ್ತರದಿಂದ ಭೂಮಿಗೆ ಬೀಳುತ್ತದೆ. ತಾನೇ ಆರಡಿ ಎತ್ತರವಿರುವ ಆ ಶಿಶು ಒಂದು ಗಂಟೆಯೊಳಗಾಗಿ ತಡವರಿಸುತ್ತ ಎದ್ದು ನಿಲ್ಲುತ್ತದೆ. ಮುಂದೆ ಅದರ ಕುತ್ತಿಗೆ ಬೆಳೆದಂತೆಲ್ಲ ಹೃದಯದ ಗೋಡೆಯೂ ದಪ್ಪವಾಗುತ್ತ ಹೋಗುತ್ತದೆ. ಬೆಳೆಯುವ ಮಗನ ಅಂಗಿಗೆ ವರ್ಷವರ್ಷವೂ ಅಂಚು ಬಿಚ್ಚಿ ಹೊಲಿಯುವ ತಾಯಿಯಂತೆ, ಕುತ್ತಿಗೆಗೆ ತಕ್ಕ ಹೃದಯವನ್ನು ದೇಹ ತಾನೇ ಸರಿಪಡಿಸಿಕೊಳ್ಳುತ್ತದೆ.

ನೀರು ಕುಡಿಯುವ ಗಳಿಗೆ

ಜಿರಾಫೆ ಪದೇ ಪದೇ ನೀರು ಕುಡಿಯುವ ಪ್ರಾಣಿಯಲ್ಲ. ಚಿಗುರೆಲೆಯ ತೇವವೇ ಅದರ ಬಾಯಾರಿಕೆಯ ಬಹುಪಾಲನ್ನು ತೀರಿಸುತ್ತದೆ. ಆದರೂ ನದಿಯ ಅಂಚಿಗೆ ಅದು ಬರುವ ದಿನಗಳುಂಟು. ಆಗಿನ ಅದರ ಎಚ್ಚರಿಕೆಯನ್ನು ನೋಡಬೇಕು. ದಡದಲ್ಲಿ ನಿಂತು ಎಷ್ಟೋ ಹೊತ್ತು ನಾಲ್ಕು ದಿಕ್ಕನ್ನೂ ನೋಡುತ್ತದೆ. ಆಮೇಲೆ ಮುಂಗಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಅಗಲಿಸುತ್ತದೆ. ಮತ್ತೆ ನಿಂತು ನೋಡುತ್ತದೆ. ಕಡೆಗೆ ಆ ದೀರ್ಘ ಕುತ್ತಿಗೆ ನಿಧಾನವಾಗಿ ಇಳಿದು ತುಟಿ ನೀರಿಗೆ ತಾಗುತ್ತದೆ. ಸಿಂಹವೋ ಮೊಸಳೆಯೋ ಅದಕ್ಕೆ ಅಪಾಯ ತರಬಲ್ಲ ಗಳಿಗೆ ಅದು. ಅಪಾಯ ಹೊರಗೆ ಮಾತ್ರವಲ್ಲ, ಒಳಗೂ ಇದೆ.

ಇದುವರೆಗೆ ಹೃದಯಕ್ಕಿಂತ ಎರಡು ಮೀಟರ್ ಮೇಲಿದ್ದ ತಲೆ ಈಗ ಹೃದಯಕ್ಕಿಂತ ಕೆಳಗೆ ಬಂದಿತು. ಮೇಲಕ್ಕೆ ನೂಕುವುದಕ್ಕೆಂದು ಕೂಡಿಟ್ಟಿದ್ದ ಭಾರಿ ಒತ್ತಡದ ಜೊತೆಗೆ ಕೆಳಕ್ಕೆ ಬೀಳುವ ರಕ್ತದ ಭಾರವೂ ಸೇರಿತು. ಮರ್ಚಿಸನ್ನಿನ ಬಿರುಕಿನಲ್ಲಿ ನುಗ್ಗುವ ನೈಲ್ ನದಿಯ ಹಾಗೆ ಅದೆಲ್ಲ ಮೆದುಳಿನ ನವುರಾದ ನಾಳಗಳ ಮೇಲೆ ಎರಗಿದರೆ ಅವು ಬಿರಿದುಹೋಗದೆ ಉಳಿದಾವೆ? ಅದೇ ಕ್ಷಣದಲ್ಲಿ ಸಿಂಹದ ಸುಳಿವು ಸಿಕ್ಕಿ ಜಿರಾಫೆ ಥಟ್ಟನೆ ತಲೆಯೆತ್ತಿತೆನ್ನಿ. ಆಗ ಇದಕ್ಕೆ ವಿರುದ್ಧವಾದ ಆಪತ್ತು: ನಾಲ್ಕು ಮೀಟರ್ ಮೇಲೇರಿದ ಮೆದುಳಿಗೆ ರಕ್ತವೇ ಸಾಲದೆ ಕಣ್ಣು ಕತ್ತಲಿಡಬೇಕು. ಹಾಸಿಗೆಯಿಂದ ಧಡಕ್ಕನೆ ಎದ್ದಾಗ ತಲೆ ಸುತ್ತುವ ಅನುಭವ ನಮ್ಮಲ್ಲಿ ಎಷ್ಟೋ ಹಿರಿಯರಿಗೆ ಇದೆ. ಜಿರಾಫೆಗೆ ಮಾತ್ರ ಇದೂ ಇಲ್ಲ, ಅದೂ ಇಲ್ಲ. ಅದು ಕುಡಿಯುತ್ತದೆ, ತಲೆಯೆತ್ತುತ್ತದೆ, ಬೇಕಾದರೆ ಆ ಕ್ಷಣದಲ್ಲಿಯೇ ಓಡುತ್ತದೆ.

ಈ ರಹಸ್ಯದ ಒಂದು ಭಾಗವನ್ನು ಹಳೆಯ ಶರೀರಶಾಸ್ತ್ರಜ್ಞರು ಮೆದುಳಿನ ಬುಡದಲ್ಲಿ ಕಂಡರು. ಅಲ್ಲಿ ಅಪಧಮನಿ ಒಂದೇ ನಾಳವಾಗಿ ಮೆದುಳನ್ನು ಹೊಗದೆ, ಸಣ್ಣ ಸಣ್ಣ ನಾಳಗಳ ಹೆಣಿಗೆಯಾಗಿ ಹರಡಿಕೊಳ್ಳುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಇದಕ್ಕೆ 'ಅದ್ಭುತ ಜಾಲ' ಎಂಬರ್ಥದ ಹೆಸರಿದೆ. ನುಗ್ಗಿ ಬಂದ ರಕ್ತದ ರಭಸವನ್ನು ಈ ಜಾಲ ಹೀರಿಕೊಳ್ಳುತ್ತದೆಂದು ಅವರು ಹೇಳಿದರು. ಆದರೆ ಇಂಥ ಜಾಲ ಕುರಿ, ಮೇಕೆಗಳಲ್ಲಿಯೂ ಉಂಟು. ಆದ್ದರಿಂದ ಇಡೀ ಯಶಸ್ಸನ್ನು ಅದರ ಮುಡಿಗೇ ಏರಿಸುವಂತಿಲ್ಲ.

ಇನ್ನೊಂದು ಭಾಗ ಕುತ್ತಿಗೆಯ ಅಭಿಧಮನಿಯಲ್ಲಿದೆ. ತಲೆಯಿಂದ ಹೃದಯಕ್ಕೆ ರಕ್ತವನ್ನು ಹಿಂದಕ್ಕೆ ತರುವ ಈ ದೊಡ್ಡ ನಾಳ, ತಲೆ ಮೇಲಿದ್ದಾಗ ಬರಿದಾದ ರಬ್ಬರು ಕೊಳವೆಯಂತೆ ಚಪ್ಪಟೆಯಾಗಿರುತ್ತದೆ. ತಲೆ ತಗ್ಗಿದೊಡನೆ ರಕ್ತ ಅದರಲ್ಲಿ ತುಂಬಿ ನಿಂತು ಅದು ಉಬ್ಬುತ್ತದೆ. ಒಂದು ಲೀಟರಿಗೂ ಹೆಚ್ಚು ರಕ್ತ ಅಲ್ಲಿ ತಂಗುತ್ತದೆ. ಅಷ್ಟು ರಕ್ತ ಹೃದಯಕ್ಕೆ ಹಿಂದಿರುಗದೆ ಹೋದುದರಿಂದ ಹೃದಯ ಹೊರಹಾಕುವುದೂ ಕಡಿಮೆಯಾಗಿ ಒತ್ತಡ ತಾನಾಗಿ ಇಳಿಯುತ್ತದೆ. ಅರಿವಳಿಕೆ ಕೊಟ್ಟ ಜಿರಾಫೆಗಳ ತಲೆಯನ್ನು ತಗ್ಗಿಸಿ ಅಳೆದಾಗ ಸರಾಸರಿ ಒತ್ತಡ ೧೯೩ರಿಂದ ೧೩೧ಕ್ಕೆ ಇಳಿಯಿತೆಂದು ೨೦೦೯ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸಿತು. ತಲೆಯನ್ನು ಮತ್ತೆ ಎತ್ತಿದಾಗ ಆ ತಂಗಿದ್ದ ರಕ್ತವೆಲ್ಲ ಒಮ್ಮೆಲೇ ಹೃದಯಕ್ಕೆ ಧಾವಿಸಿ, ಹೃದಯ ಇಮ್ಮಡಿ ಬಲದಿಂದ ಅದನ್ನು ಮೇಲಕ್ಕೆ ನೂಕುತ್ತದೆ. ನೀರು ಹೆಚ್ಚಾದಾಗ ಕೆರೆಯಲ್ಲಿ ನಿಲ್ಲಿಸಿಕೊಂಡು, ಬೇಕಾದಾಗ ತೂಬು ತೆಗೆಯುವ ನಮ್ಮ ಹಳ್ಳಿಗಳ ಜಾಣ್ಮೆಯೇ ಇದು. ಈ ಅಭಿಧಮನಿಯಲ್ಲಿ ಸಾಲಾಗಿ ಕವಾಟಗಳೂ ಇವೆ. ದೇಹದ ಇತರ ಭಾಗಗಳಿಂದ ಬಂದ ರಕ್ತ ಹಿಮ್ಮುಖವಾಗಿ ತಲೆಯ ಕಡೆಗೆ ಇಳಿಯದಂತೆ ಅವು ತಡೆಯುತ್ತವೆ.

ಬಿಗಿಯಾದ ಕಾಲುಚೀಲ

ತಲೆಯ ಚಿಂತೆ ಇಷ್ಟಾಯಿತು. ಕಾಲಿನ ಚಿಂತೆ ಇನ್ನೂ ದೊಡ್ಡದು. ತಲೆ ತಗ್ಗುವುದು ಅಪರೂಪ, ಕಾಲು ಕೆಳಗಿರುವುದು ನಿತ್ಯ. ಹೃದಯದಿಂದ ಗೊರಸಿಗೆ ಸುಮಾರು ಎರಡು ಮೀಟರ್. ೨೦೦ರ ಒತ್ತಡಕ್ಕೆ ಆ ಎತ್ತರದ ರಕ್ತದ ಭಾರ ಸೇರಿದರೆ ಲೆಕ್ಕದಲ್ಲಿ ೩೫೦ ಆಗಬೇಕು. ಅಂಥ ಒತ್ತಡದಲ್ಲಿ ಲೋಮನಾಳಗಳಿಂದ ನೀರು ಜಿನುಗಿ ಕಾಲುಗಳು ಬಾತು ಕಂಬಗಳಾಗಬೇಕು. ದಿನವೆಲ್ಲ ನಿಂತೇ ದುಡಿಯುವ ಮನುಷ್ಯರಿಗೆ ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ಕಂಡ ವಿಷಯ. ದಿನದ ಬಹುಪಾಲನ್ನು ನಿಂತೇ ಕಳೆಯುವ ಜಿರಾಫೆಯ ಕಾಲು ಮಾತ್ರ ಕಡೆದಿಟ್ಟಂತೆ ಸಪೂರ.

ಇದಕ್ಕೆ ಕಾರಣ ಅದರ ಚರ್ಮ. ಕಾಲಿನ ಕೆಳಭಾಗದಲ್ಲಿ ಮಾಂಸಲ ಭಾಗವೇ ಇಲ್ಲವೆನ್ನಬಹುದು. ಎಲುಬು, ಸ್ನಾಯುರಜ್ಜುಗಳ ಮೇಲೆ ದಪ್ಪನೆಯ, ಹಿಗ್ಗದ ಚರ್ಮ ಬಿಗಿದು ಕಟ್ಟಿದಂತಿದೆ. ಒಳಗಿನ ನೀರು ಹೊರಕ್ಕೆ ಜಿನುಗಬೇಕೆಂದರೆ ಜಾಗವೇ ಇಲ್ಲ. ಜೊತೆಗೆ ಪ್ರಾಣಿ ಹೆಜ್ಜೆ ಹಾಕಿದಾಗಲೆಲ್ಲ ಈ ಬಿಗಿ ಹೊದಿಕೆ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಇಷ್ಟು ಸಾಲದೆಂಬಂತೆ ಕಾಲಿನ ಮೇಲ್ಗಂಟಿನ ಕೆಳಗೆ ಅಪಧಮನಿ ಹಠಾತ್ತಾಗಿ ಕಿರಿದಾಗಿ, ಅದರ ಸುತ್ತ ದಪ್ಪನೆಯ ಸ್ನಾಯುವಿನ ಉಂಗುರವಿದೆ. ಕೆಳಗಿನ ನಾಳಗಳಿಗೆ ಪೂರ್ತಿ ಒತ್ತಡ ಬೀಳದಂತೆ ಅದು ಕಾವಲುಗಾರನಂತೆ ನಿಂತಿದೆ. ೧೯೮೭ರಲ್ಲಿ ಈ ಕಾಲುಗಳ ಒತ್ತಡವನ್ನು ಅಳೆದು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದ ವಿಜ್ಞಾನಿಗಳು ಬಾಹ್ಯಾಕಾಶ ಸಂಶೋಧನೆಯ ಬಳಗದವರು. ವೇಗದ ವಿಮಾನಗಳ ಚಾಲಕರು ಕಾಲಿಗೆ ಬಿಗಿದುಕೊಳ್ಳುವ ಒತ್ತಡದ ಉಡುಪಿಗೆ ಅವರು ಜಿರಾಫೆಯ ಚರ್ಮವನ್ನು ಹೋಲಿಸಿದರು. ಮನುಷ್ಯನು ಬಹುಕಾಲ ಯೋಚಿಸಿ ಹೊಲಿದ ಉಡುಪನ್ನು ಜಿರಾಫೆ ಹುಟ್ಟುಡುಗೆಯಾಗಿ ತೊಟ್ಟು ಬಂದಿದೆ.

ಅಳೆಯಲು ಹೊರಟವರು

ಹುಲ್ಲುಗಾವಲಿನಲ್ಲಿ ಓಡುವ ಪ್ರಾಣಿಯ ರಕ್ತದೊತ್ತಡವನ್ನು ಅಳೆಯುವುದು ಹುಡುಗಾಟವಲ್ಲ. ೧೯೫೦ರ ದಶಕದಲ್ಲಿ ಶಸ್ತ್ರವೈದ್ಯ ರಾಬರ್ಟ್ ಗೋಯೆಟ್ಜ್ ಮತ್ತು ಅವನ ಸಂಗಡಿಗರು ದಕ್ಷಿಣ ಆಫ್ರಿಕದಲ್ಲಿ ಜಿರಾಫೆಗಳನ್ನು ಹಿಡಿದು, ಅವುಗಳ ನಾಳಗಳಲ್ಲಿ ಅಳತೆಯ ಉಪಕರಣಗಳನ್ನಿಟ್ಟು ಪರೀಕ್ಷಿಸಿದರು. ಅವರ ಪ್ರಬಂಧ ೧೯೬೦ರಲ್ಲಿ ಪ್ರಕಟವಾಯಿತು. ಇನ್ನೊಂದು ಸ್ವಾರಸ್ಯವೆಂದರೆ, ಅದೇ ೧೯೬೦ರಲ್ಲಿ ಇದೇ ಗೋಯೆಟ್ಜ್ ನ್ಯೂಯಾರ್ಕ್ ನಗರದಲ್ಲಿ ರೋಗಿಯೊಬ್ಬನ ಹೃದಯದ ಮುಚ್ಚಿಹೋದ ನಾಳಕ್ಕೆ ಬದಲಿ ದಾರಿಯನ್ನು ಜೋಡಿಸಿದನು. ಇಂದು ಊರೂರಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವ 'ಬೈಪಾಸ್' ಚಿಕಿತ್ಸೆಯ ಆದ್ಯಪ್ರಯೋಗಗಳಲ್ಲಿ ಅದೊಂದು. ಜಿರಾಫೆಯ ಹೃದಯವನ್ನು ಅರಿಯಲು ಹೋದವನ ಕೈ ಮನುಷ್ಯನ ಹೃದಯವನ್ನೂ ಮುಟ್ಟಿತು.

೧೯೬೬ರ ಹೊತ್ತಿಗೆ ಅಮೆರಿಕದ ವಿಜ್ಞಾನಿಗಳು ಜಿರಾಫೆಯ ಕುತ್ತಿಗೆಯ ಅಪಧಮನಿಯಲ್ಲಿ ಸಣ್ಣ ಉಪಕರಣವನ್ನಿರಿಸಿ, ಅದರ ಸಂಕೇತಗಳನ್ನು ರೇಡಿಯೋ ಮೂಲಕ ದೂರದಿಂದ ಬರೆದುಕೊಂಡರು. ಕಾಡಿನಲ್ಲಿ ಸ್ವಚ್ಛಂದವಾಗಿ ಅಡ್ಡಾಡುವ ಜಿರಾಫೆಯ ರಕ್ತದ ಕಥೆ ಹೀಗೆ ಮೊದಲ ಬಾರಿಗೆ ಹೊರಬಿದ್ದಿತು. ಈಚಿನ ವರ್ಷಗಳಲ್ಲಿ ಮೂತ್ರಪಿಂಡದ ಗುಟ್ಟೂ ತಿಳಿಯಿತು: ಒತ್ತಡದಿಂದ ಮನುಷ್ಯನಲ್ಲಿ ಬೇಗ ಕೆಡುವ ಆ ಅಂಗ, ಜಿರಾಫೆಯಲ್ಲಿ ಗಟ್ಟಿಯಾದ ಹೊದಿಕೆಯೊಳಗೆ ತನ್ನದೇ ಒಳ ಒತ್ತಡವನ್ನು ಕಾಪಾಡಿಕೊಂಡು ಹೊರಗಿನದನ್ನು ಎದುರಿಸುತ್ತದೆ. ೨೦೨೧ರಲ್ಲಿ ಚೀನಾ ದೇಶದ ವಿಜ್ಞಾನಿಗಳ ಮುಂದಾಳುತನದಲ್ಲಿ ನಡೆದ ಪ್ರಯೋಗವಂತೂ ಕಥೆಯಂತಿದೆ. ಜಿರಾಫೆಯಲ್ಲಿ ವಿಶೇಷವಾಗಿ ಮಾರ್ಪಟ್ಟ ಒಂದು ಜೀನನ್ನು ಹೋಲುವಂತೆ ಇಲಿಗಳ ಜೀನನ್ನು ತಿದ್ದಿ, ರಕ್ತದೊತ್ತಡವನ್ನು ಏರಿಸುವ ಔಷಧವನ್ನು ಕೊಟ್ಟರು. ಸಾಧಾರಣ ಇಲಿಗಳ ಹೃದಯ, ಮೂತ್ರಪಿಂಡಗಳು ಕೆಟ್ಟವು. ಜಿರಾಫೆಯ ಜೀನನ್ನು ಪಡೆದ ಇಲಿಗಳು ಬಹುಮಟ್ಟಿಗೆ ಪಾರಾದವು. ಕುತ್ತಿಗೆ ಮಾತ್ರ ಉದ್ದವಾಗಲಿಲ್ಲ!

ನದಿಯನ್ನು ದಾಟಿದ ದಿನ

ಮರ್ಚಿಸನ್ನಿನ ಹುಲ್ಲುಗಾವಲಿನಲ್ಲಿ ಈ ಜ್ಞಾನವೆಲ್ಲ ಪುಸ್ತಕದ ವಿಷಯವಾಗಿ ಉಳಿಯಲಿಲ್ಲ. ೧೯೭೦ರ ದಶಕದಿಂದ ಮುಂದೆ ಯುಗಾಂಡ ಕಂಡ ರಾಜಕೀಯ ಕ್ಷೋಭೆ, ಅಂತರ್ಯುದ್ಧಗಳಲ್ಲಿ ಬಂದೂಕು ಹಿಡಿದವರ ಹಸಿವಿಗೆ ಕಾಡಿನ ಪ್ರಾಣಿಗಳು ತುತ್ತಾದವು. ಇಲ್ಲಿಯ ಜಿರಾಫೆಗಳ ಸಂಖ್ಯೆ ಕೆಲವೇ ನೂರಕ್ಕೆ ಇಳಿಯಿತು. ಶಾಂತಿ ಮರಳಿದ ಮೇಲೆ ಅವು ನಿಧಾನವಾಗಿ ಹೆಚ್ಚಿ ಸಾವಿರವನ್ನು ದಾಟಿದವು. ಆದರೆ ಅವೆಲ್ಲ ಇದ್ದುದು ಉತ್ತರದ ದಡದಲ್ಲಿ ಮಾತ್ರ. ೨೦೦೬ರಲ್ಲಿ ಆಲ್ಬರ್ಟ್ ಸರೋವರದ ಸೀಮೆಯಲ್ಲಿ ಹೇರಳವಾದ ತೈಲ ಇರುವುದು ಖಚಿತವಾಯಿತು. ಬಾವಿ ತೋಡಬೇಕೆಂದು ಗುರುತಿಸಿದ ಸ್ಥಳಗಳಲ್ಲಿ ಕೆಲವು ಇದೇ ಉತ್ತರದ ಹುಲ್ಲುಗಾವಲಿನೊಳಗೆ ಇದ್ದವು. ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಟ್ಟು ಕುಳಿತಿರಲಾಗದೆಂದು ವನ್ಯಜೀವಿ ಇಲಾಖೆಯವರೂ ಜಿರಾಫೆ ಸಂರಕ್ಷಣ ಪ್ರತಿಷ್ಠಾನದವರೂ ಸೇರಿ ಕೆಲವು ಜಿರಾಫೆಗಳನ್ನು ದಕ್ಷಿಣದ ದಡಕ್ಕೆ ಒಯ್ಯಲು ನಿಶ್ಚಯಿಸಿದರು. ಸ್ವಾಹಿಲಿ ಭಾಷೆಯಲ್ಲಿ ಜಿರಾಫೆಗೆ 'ಟ್ವಿಗ' ಎಂದು ಹೆಸರು. ಕಾರ್ಯಾಚರಣೆಗೂ ಅದೇ ಹೆಸರಾಯಿತು.

ಜಿರಾಫೆಯನ್ನು ಹಿಡಿಯುವುದೆಂದರೆ ಪಶುವೈದ್ಯರಿಗೆ ಇಂದಿಗೂ ಎದೆ ನಡುಗುವ ಕೆಲಸ. ಆನೆಗೆ, ಘೇಂಡಾಮೃಗಕ್ಕೆ ಅರಿವಳಿಕೆ ಕೊಟ್ಟು ಗಂಟೆಗಟ್ಟಲೆ ಮಲಗಿಸಬಹುದು. ಜಿರಾಫೆಗೆ ಹಾಗೆ ಮಾಡಿದರೆ ಜೀವಕ್ಕೇ ಅಪಾಯ. ಎತ್ತರಕ್ಕೆಂದೇ ಹೊಂದಿಸಿದ ಅದರ ರಕ್ತಚಲನೆ, ಒತ್ತಡವನ್ನು ಕ್ಷಣಕ್ಷಣಕ್ಕೂ ಸರಿದೂಗಿಸುವ ನರಗಳ ಎಚ್ಚರ, ಎರಡೂ ಔಷಧದಿಂದ ಮಂಕಾಗುತ್ತವೆ. ತಲೆ ಕೆಳಗೆ ಬಿದ್ದಾಗ ಹೊಟ್ಟೆಯಲ್ಲಿನ ಮೆಲುಕು ಹೊರಬಂದು ಶ್ವಾಸನಾಳವನ್ನು ಸೇರಬಹುದು. ಆದ್ದರಿಂದ ವೈದ್ಯರು ಹಿಡಿದ ದಾರಿ ವಿಚಿತ್ರವಾದುದು. ಪ್ರಬಲವಾದ ಔಷಧವನ್ನು ಬಂದೂಕಿನ ಸೂಜಿಯಿಂದ ಹೊಡೆಯುತ್ತಾರೆ; ತೂರಾಡುವ ಪ್ರಾಣಿಯ ಮುಂದೆ ಹಗ್ಗ ಹಿಡಿದು ಓಡಿ ಅದನ್ನು ನೆಲಕ್ಕೆ ಕೆಡವುತ್ತಾರೆ; ಬಿದ್ದ ಮರುಗಳಿಗೆಯೇ ಔಷಧದ ಪರಿಣಾಮವನ್ನು ಕಳೆಯುವ ಮದ್ದನ್ನು ಚುಚ್ಚುತ್ತಾರೆ. ಪ್ರಾಣಿಗೆ ಪೂರ್ತಿ ಎಚ್ಚರ ಬರುತ್ತದೆ. ಅದನ್ನು ಹಿಡಿದಿಡುವುದು ಆಗ ಔಷಧವಲ್ಲ, ಅದರ ಕುತ್ತಿಗೆಯ ಮೇಲೆ ಮೈಚೆಲ್ಲಿ ಕುಳಿತ ಮನುಷ್ಯರು. ತಲೆಯನ್ನು ಮೇಲೆತ್ತಿ ಬೀಸಲಾರದ ಜಿರಾಫೆ ಏಳಲಾರದು ಎಂಬುದೊಂದೇ ಅವರ ಆಧಾರ. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಅರಳೆಯಂಥದನ್ನು ತುರುಕಿ, ಹಗ್ಗ ಬಿಗಿದು, ಸಾಧ್ಯವಾದಷ್ಟು ಬೇಗ ಅದನ್ನು ಎಬ್ಬಿಸಿ ಬಂಡಿಗೆ ನಡೆಸುತ್ತಾರೆ. ನೆಲದ ಮೇಲೆ ಕಳೆದ ಒಂದೊಂದು ನಿಮಿಷವೂ ಆ ದೊಡ್ಡ ಹೃದಯಕ್ಕೆ ಪರೀಕ್ಷೆ. ಅದರ ಒದೆತಕ್ಕೆ ಸಿಕ್ಕಿದ ಮನುಷ್ಯನಿಗೂ ಪರೀಕ್ಷೆಯೇ.

೨೦೧೬ರ ಜನವರಿಯಲ್ಲಿ ಹೀಗೆ ಹಿಡಿದ ಹದಿನೆಂಟು ಜಿರಾಫೆಗಳು ನೈಲ್ ನದಿಯನ್ನು ದಾಟಿದವು. ಆ ಕಾಲಕ್ಕೆ ಪಾರಾ ಎಂಬಲ್ಲಿ ವಾಹನಗಳನ್ನು ಆಚೆಗೊಯ್ಯುತ್ತಿದ್ದ ಲಾಂಚಿನ ಮೇಲೆ ಲಾರಿ ನಿಂತಿತು. ಲಾರಿಯ ತೆರೆದ ಪೆಟ್ಟಿಗೆಯಿಂದ ಉದ್ದ ಕುತ್ತಿಗೆಗಳು ಮೇಲಕ್ಕೆ ಚಾಚಿದ್ದವು. ಕೆಳಗೆ ನೀರಾನೆಗಳ ನದಿ, ಮೇಲೆ ಬರಿಯ ಆಕಾಶ. ತನ್ನ ಕುಲದ ನೆನಪಿನಲ್ಲಿ ಎಂದೂ ದಾಟದ ನೀರನ್ನು ಮನುಷ್ಯನ ಕೈಹಿಡಿದು ಅವು ದಾಟಿದವು. ೨೦೧೭ರಲ್ಲಿ ಇನ್ನೂ ಹತ್ತೊಂಬತ್ತು ಹೊರಟು ಬಂದವು. ದಕ್ಷಿಣದ ದಡದಲ್ಲಿ ಬಾಗಿಲು ತೆರೆದಾಗ ಅವು ಒಂದು ಕ್ಷಣ ತಡೆದು ನಿಂತು, ಆಮೇಲೆ ತಮ್ಮ ಆ ತೂಗುನಡಿಗೆಯಲ್ಲಿ ಮರಗಳ ನಡುವೆ ಸೇರಿಕೊಂಡವು.

ಒಂದು ತಂತಿಯ ಕುಣಿಕೆ

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ೨೦೨೩ರಲ್ಲಿ ಉತ್ತರದ ದಡದಲ್ಲಿ ತೈಲದ ಬಾವಿಗಳನ್ನು ಕೊರೆಯುವ ಕೆಲಸ ಪ್ರಾರಂಭವಾಯಿತು. ಅದಕ್ಕೂ ಹಳೆಯದಾದ, ಅದಕ್ಕಿಂತ ಸದ್ದಿಲ್ಲದ ಅಪಾಯ ಹುಲ್ಲಿನಲ್ಲಿ ಅಡಗಿದೆ. ಉದ್ಯಾನದ ಅಂಚಿನ ಬಡ ಹಳ್ಳಿಗಳ ಜನ ಜಿಂಕೆಗೆಂದು, ಎಮ್ಮೆಗೆಂದು ತಂತಿಯ ಕುಣಿಕೆಗಳನ್ನು ಒಡ್ಡುತ್ತಾರೆ. ಅವರು ಜಿರಾಫೆಯನ್ನು ಬಯಸಿದವರಲ್ಲ. ಆದರೆ ಎಲೆಗಳ ಎತ್ತರದಲ್ಲಿ ಕಣ್ಣಿಟ್ಟು ನಡೆಯುವ ಪ್ರಾಣಿಗೆ ಕಾಲಬುಡದ ತಂತಿ ಹೇಗೆ ಕಾಣಬೇಕು? ಕುಣಿಕೆ ಗೊರಸಿನ ಮೇಲೆ ಬಿಗಿಯುತ್ತದೆ. ಎಳೆದಷ್ಟೂ ಚರ್ಮವನ್ನು ಕೊಯ್ದು ಒಳಗಿಳಿಯುತ್ತದೆ. ದೇಹದಲ್ಲೆಲ್ಲ ರಕ್ತದ ಭಾರ ಅತ್ಯಂತ ಹೆಚ್ಚಾಗಿರುವ ಜಾಗ ಅದೇ. ಆ ಭಾರವನ್ನು ತಡೆದು ನಿಂತಿದ್ದುದು ಆ ಬಿಗಿಯಾದ ಚರ್ಮವೇ. ಲಕ್ಷಾಂತರ ವರ್ಷಗಳಲ್ಲಿ ಪ್ರಕೃತಿ ನೇಯ್ದ ರಕ್ಷಣೆಯನ್ನು ಒಂದು ಗೇಣು ತಂತಿ ಕತ್ತರಿಸಿಬಿಡುತ್ತದೆ. ಇಲ್ಲಿಯ ಅರಣ್ಯರಕ್ಷಕರೂ ಪಶುವೈದ್ಯರೂ ಇಂಥ ಕುಂಟುವ ಜಿರಾಫೆಗಳನ್ನು ಹುಡುಕಿ, ಮೇಲೆ ಹೇಳಿದ ಸಾಹಸವನ್ನೆಲ್ಲ ಮತ್ತೆ ಮತ್ತೆ ಮಾಡಿ, ತಂತಿಯನ್ನು ಕತ್ತರಿಸಿ ತೆಗೆದು, ಗಾಯಕ್ಕೆ ಮದ್ದು ಹಚ್ಚಿ ಬಿಡುತ್ತಾರೆ. ಒಂದೊಂದು ತಂತಿಗೂ ಒಂದೊಂದು ಜೀವವನ್ನು ಪಣವಿಡಬೇಕು.

೨೦೧೬ರಲ್ಲಿ ಜಿರಾಫೆಯನ್ನು ಅಪಾಯದಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ೨೦೨೫ರಲ್ಲಿ, ಜಿರಾಫೆ ಒಂದೇ ಜಾತಿಯಲ್ಲ, ನಾಲ್ಕು ಬೇರೆ ಬೇರೆ ಜಾತಿಗಳೆಂದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣ ಒಕ್ಕೂಟ ಒಪ್ಪಿಕೊಂಡಿತು. ಒಂದೆಂದು ಎಣಿಸಿದಾಗ ಬಹಳವೆಂದು ತೋರಿದ ಸಂಖ್ಯೆ, ನಾಲ್ಕಾಗಿ ಹಂಚಿದಾಗ ಎಷ್ಟು ತೆಳುವಾಗಿದೆಯೆಂಬುದು ಹೀಗೆ ಕಣ್ಣಿಗೆ ಬಿದ್ದಿತು.

ನಮ್ಮಲ್ಲಿ ಇಂದು ರಕ್ತದೊತ್ತಡದ ಮಾತ್ರೆಯಿಲ್ಲದ ಮನೆ ಅಪರೂಪ. ಇನ್ನೂರು ಎಂಬ ಸಂಖ್ಯೆಯನ್ನು ಕೇಳಿದರೆ ಮನೆಮಂದಿಯೆಲ್ಲ ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ; ಓಡಲೂ ಬೇಕು. ಮನುಷ್ಯನಿಗೆ ಮೃತ್ಯುವಿನ ಸೂಚನೆಯಾದ ಆ ಅಂಕೆ ಜಿರಾಫೆಗೆ ಆರೋಗ್ಯದ ಗುರುತು. ಅದರ ಹೃದಯದಲ್ಲಿ, ಮೂತ್ರಪಿಂಡದಲ್ಲಿ, ಕಾಲಿನ ಚರ್ಮದಲ್ಲಿ ಬರೆದಿರುವ ಉತ್ತರವನ್ನು ವಿಜ್ಞಾನ ಈಗಷ್ಟೇ ಅಕ್ಷರ ಕೂಡಿಸಿಕೊಂಡು ಓದತೊಡಗಿದೆ. ಆ ಪುಸ್ತಕ ಪೂರ್ತಿ ಓದಿ ಮುಗಿಯುವ ಮೊದಲೇ ಕಳೆದುಹೋಗದಿರಲಿ.

ಸಂಜೆ ಆಲ್ಬರ್ಟ್ ಸರೋವರದ ಆಚೆಯ ಕಾಂಗೋ ದೇಶದ ನೀಲಿ ಬೆಟ್ಟಗಳ ಹಿಂದೆ ಸೂರ್ಯ ಇಳಿಯುತ್ತಾನೆ. ನೆರಳು ಮೊದಲು ಹುಲ್ಲನ್ನು ಕವಿಯುತ್ತದೆ, ಆಮೇಲೆ ಪೊದೆಗಳನ್ನು, ಆಮೇಲೆ ಆನೆಯ ಬೆನ್ನನ್ನು. ಎಲ್ಲೆಡೆ ಕತ್ತಲಾದ ಮೇಲೂ ಸ್ವಲ್ಪ ಹೊತ್ತು ಎರಡೆಡೆ ಮಾತ್ರ ಹೊಂಬೆಳಕು ಉಳಿದಿರುತ್ತದೆ: ತಾಳೆಯ ತುದಿಯಲ್ಲಿ, ಜಿರಾಫೆಯ ನೆತ್ತಿಯ ಮೇಲೆ. ದೂರದಲ್ಲ್ಲಿ ನೈಲ್ ನದಿ ತನ್ನ ಬಿರುಕಿನಲ್ಲಿ ಮೊರೆಯುತ್ತಿರುತ್ತದೆ. ಇಲ್ಲಿ, ಆ ಕಂದು ಮಚ್ಚೆಗಳ ಎದೆಯೊಳಗೆ, ಅಷ್ಟೇ ಛಲದ ಇನ್ನೊಂದು ಹೊಳೆ ಸದ್ದಿಲ್ಲದೆ ಮೇಲಕ್ಕೆ ಹರಿಯುತ್ತಿರುತ್ತದೆ.